ಹುಲ್ಲು ತೊಳೆದು ನಿಂತ ಕೆಮ್ಮು

ಪುಣೆ, 12-12-1983

ಕುಶಲಾ ದೊಡ್ಡಮ್ಮನಿಗೆ ಉಮಾನಾಥನ ನಮಸ್ಕಾರ.

ದೊಡ್ಡಮ್ಮ, ನೀವು ಗೆದ್ದಿರಿ! ನಾನು ಕೆಲಸಕ್ಕಿರುವ ಲಾಯದ ಕುದುರೆಗಳಿಗೂ ನಿಮ್ಮ ಹಾಗೆಯೇ ಉಬ್ಬಸ ಉಂಟು. ಅದರ ಸಂಶೋಧನೆ ಮಾಡುವ ಡಾಕ್ಟರು ಕುದುರೆಯ ಮೂಗಿನೊಳಗೆ ದೀಪವಿರುವ ನಳಿಗೆ ಇಳಿಸಿ ಶ್ವಾಸನಾಳ ನೋಡುತ್ತಾರೆ. ಒಣಹುಲ್ಲಿನ ಧೂಳೇ ಕಾರಣವೆಂದು ಕಂಡುಹಿಡಿದರು. ಆದರೆ ಎಷ್ಟು ಕೊಡವಿದರೂ ಧೂಳು ಹೋಗಲೊಲ್ಲದು. ಆಗ ನಾನು, ಊರಿನಲ್ಲಿ ನೀವು ಉಬ್ಬಸ ಬಾರದಿರಲೆಂದು ಬೈಹುಲ್ಲನ್ನು ತೊಳೆದೇ ದನಕ್ಕೆ ಹಾಕುವುದನ್ನು ಹೇಳಿದೆ. ಲಾಯದವರು ಬಿದ್ದು ಬಿದ್ದು ನಕ್ಕರು. ಡಾಕ್ಟರು ಮಾತ್ರ ಹದಿನೈದು ದಿನ ತೊಳೆದು ಹಾಕಿ ನೋಡುವ ಎಂದರು.

ಇವತ್ತು ನನ್ನನ್ನೇ ಕರೆದು ನಳಿಗೆಯಲ್ಲಿ ನೋಡಲು ಹೇಳಿದರು. ಕೆಂಪಗೆ ಬಾತು ಕಫ ಕಟ್ಟಿದ್ದ ನಾಳ ಗುಲಾಬಿ ಬಣ್ಣಕ್ಕೆ ಬಂದಿದೆ! ಕೆಮ್ಮೂ ಇಲ್ಲ. ನಕ್ಕವರೆಲ್ಲ ಈಗ ಸಾಲಾಗಿ ಕೂತು ಹುಲ್ಲು ತೊಳೆಯುತ್ತಿದ್ದಾರೆ.

ನಾನು ಆರೋಗ್ಯ. ಮಣಿಪಾಲದಲ್ಲಿ ಕೊಟ್ಟ ಮಾತ್ರೆ ತಪ್ಪಿಸಬೇಡಿ.

ನಿಮ್ಮನ್ನು ಹುಲ್ಲು ತೊಳೆಯುವ ಹುಚ್ಚಿ ಎಂದದ್ದು ಕಟಪಾಡಿ ಪೇಟೆಯವರು ಅಲ್ವಾ? ಅದಕ್ಕೇ ಕವರಿನಲ್ಲಿ ಹಾಕದೆ ತೆರೆದ ಅಂಚೆ ಕಾರ್ಡಿನಲ್ಲಿ ಬರೆದೆ. ನಿಮ್ಮ ಕೈ ಸೇರುವ ಮೊದಲು ಪೇಟೆಯವರೆಲ್ಲ ಓದಿರುತ್ತಾರೆ.

ಉಮಾನಾಥ