ಕೊನೆಯ ಪುಟ ಮೊದಲೇ ಹೇಳಿದವಳಿಗೆ

ಲೌತ್
ಏಪ್ರಿಲ್ ೨೩, ಬುಧವಾರ

ಬ್ರಿಜಿಟ್,

ಹೆಸರಿನ ಹಿಂದೆ 'ಪ್ರೀತಿಯ' ಎಂದು ಬರೆಯಲು ಹೋಗಿ ಕೈ ತಡೆಯಿತು. ಪ್ರೀತಿ ಇಲ್ಲವೆಂದಲ್ಲ, ಈ ಹೊತ್ತಿನಲ್ಲಿ ಕೈಗೆ ಸಿಗುತ್ತಿಲ್ಲ ಅಷ್ಟೇ. ಫೋನ್ ಮಾಡಬಹುದಿತ್ತು. ಮಾಡಿದರೆ ನೀನು ಅಳುತ್ತೀ, ನೀನು ಅತ್ತರೆ ನಾನೇ ಸಮಾಧಾನ ಮಾಡಬೇಕು, ಕೊನೆಗೆ ನನ್ನ ಸಿಟ್ಟು ನನ್ನ ಹೊಟ್ಟೆಯಲ್ಲೇ ಉಳಿಯುತ್ತದೆ. ಅದಕ್ಕೇ ಈ ಕಾಗದ. ನಡುವೆ ಬಾಯಿ ಹಾಕುವ ಅನುಕೂಲ ನಿನಗೆ ಇದರಲ್ಲಿ ಇಲ್ಲ.

ಈಸ್ಟರ್‌ಗೆ ಒಂದು ವಾರ ಮುಂಚೆ ಥೆಲ್ಮಾ ಹೋಲ್‌ಗಾರ್ತ್ ಫೋನ್ ಮಾಡಿದ್ದರು. ಹೌದು, ಅವರೇ, ನಮ್ಮ ಹಾವಿಸ್‌ಳ ಪತ್ತೇದಾರಿ ಕಥೆ ಬರೆಯುವವರು. ನಾನು ಆಲೂಗಡ್ಡೆ ಹೆರೆಯುತ್ತಿದ್ದೆ. ಯಾರೋ ಕಿಟಕಿ ಮಾರುವವರು ಎಂದುಕೊಂಡು "ನಮಗೇನೂ ಬೇಡ ಕಣ್ರೀ" ಎಂದು ಇಡಲು ಹೋದೆ. ಆ ಕಡೆಯಿಂದ ಮುದಿ ದನಿ: "ಮಿಸೆಸ್ ಕೋಪ್‌ಲ್ಯಾಂಡ್ ಅವ್ರಾ? ನಾನು ಥೆಲ್ಮಾ. ನಿಮ್ಮ ಮಗಳು ನನಗೆ ಬರೆದಿದ್ರು. ನಿಮಗೆ ಅಕ್ಟೋಬರ್‌ವರೆಗೆ ಕಾಯೋಕಾಗಲ್ಲ ಅಂತ ಓದಿ ಮನಸ್ಸಿಗೆ ತುಂಬಾ ಬೇಜಾರಾಯ್ತು. ಇಪ್ಪತ್ತನೇ ಪುಸ್ತಕದ ಟೈಪ್ ಪ್ರತಿ ಅಂಚೆಗೆ ಹಾಕಿದೀನಿ."

"ಯಾಕೆ ಕಾಯೋಕಾಗಲ್ಲ? ನನಗೇನವಸರ?" ಎಂದೆ. ಅಷ್ಟೊಂದು ಕೊಲೆ, ಅಷ್ಟೊಂದು ವಿಷದ ಬಟ್ಟಲು ಕಲ್ಪಿಸಿದ ಹೆಂಗಸಿಗೆ ಆ ಕ್ಷಣದಲ್ಲಿ ಒಂದು ಸಣ್ಣ ಸುಳ್ಳು ಹೊಳೆಯಲಿಲ್ಲ ನೋಡು. "ಅಯ್ಯೋ ದೇವರೇ, ನಿಮಗೆ ಗೊತ್ತಿಲ್ವಾ?" ಎಂದುಬಿಟ್ಟರು.

ಮಾರನೆಯ ದಿನ ನಮ್ಮ ಡಾಕ್ಟರ ಹತ್ತಿರ ಹೋದೆ. ಅವರು ಕನ್ನಡಕ ತೆಗೆದು ಒರೆಸಿದರು, ಹಾಕಿಕೊಂಡರು, ಮತ್ತೆ ತೆಗೆದರು. "ನಿಮ್ಮ ಮಗಳು ಹೇಳಿಲ್ವಾ? ನವೆಂಬರ್‌ನಲ್ಲೇ ಆಸ್ಪತ್ರೆಯವರು ಅವರಿಗೆ ಹೇಳಿದಾರೆ. ಅಮ್ಮಂಗೆ ನಾನೇ ಹೇಳ್ತೀನಿ ಅಂದಿದ್ರಂತೆ." ಹೃದಯ ಸೋತಿದೆಯಂತೆ. ರಿಪೇರಿಯ ವಯಸ್ಸಲ್ಲವಂತೆ. ಬೇಸಿಗೆ ಪೂರ್ತಿ ಸಿಕ್ಕರೆ ಪುಣ್ಯವಂತೆ. ನಾನು ಥ್ಯಾಂಕ್ಸ್ ಹೇಳಿ, ಬಸ್ಸಿಗೆ ಕಾಯದೆ ಮಾರ್ಕೆಟ್ಟಿನೊಳಗಿಂದ ನಡೆದುಕೊಂಡೇ ಮನೆಗೆ ಬಂದೆ. ಸೋತ ಹೃದಯ ಅಷ್ಟು ದೂರ ಹೊತ್ತುಕೊಂಡು ಬಂತು.

ಈಗ ನವೆಂಬರ್‌ಗೆ ಬರೋಣ. ನನಗೆ ನ್ಯುಮೋನಿಯಾ, ಮೂಗು ಬಾಯಿಗೆ ಆಕ್ಸಿಜನ್ ಮಾಸ್ಕ್, ನೀನು ಮಂಚದ ಪಕ್ಕ ಕೂತು ಹತ್ತೊಂಬತ್ತನೆಯದನ್ನು ಓದಿ ಹೇಳುತ್ತಿದ್ದೆ. ಹಾವಿಸ್ ಎಲ್ಲರನ್ನೂ ಉಣ್ಣೆ ವ್ಯಾಪಾರಿಯ ಹಜಾರದಲ್ಲಿ ಸೇರಿಸಿ ಬಾಗಿಲು ಹಾಕಿಸಿದಳು. ಅಷ್ಟರಲ್ಲಿ ದೊಡ್ಡ ಡಾಕ್ಟರು ನಿನ್ನನ್ನು ಹೊರಗೆ ಕರೆದರು. ನೀನು ವಾಪಸ್ ಬಂದಾಗ ಮುಖ ತೊಳೆದುಕೊಂಡಿದ್ದೆ. ಪುಸ್ತಕ ತೆಗೆದು ಕೊನೆಯ ಹಾಳೆಗಳನ್ನು ತಿರುವಿದೆ. ಆಮೇಲೆ ನನ್ನ ಕೈ ಹಿಡಿದು ಹೇಳಿದೆ: "ಅಮ್ಮಾ, ಕೊಂದಿದ್ದು ವ್ಯಾಪಾರಿಯ ಅತ್ತೆ ಕಣೆ. ನಿನಗೆ ಗೊತ್ತಾಗ್ಲಿ ಅಂತ ಹೇಳ್ದೆ."

ಬಾಯಿಗೆ ಆ ಮಾಸ್ಕ್ ಹಾಕಿದ್ದರು, ಇಲ್ಲದಿದ್ದರೆ ನಾನು ಅಂದೇ ಕಿರುಚುತ್ತಿದ್ದೆ.

ಅದಾದ ಮೇಲೆ ನಾನು ಸಾಯಲಿಲ್ಲ. ಅದೇ ನೀನು ಎಣಿಸದೆ ಹೋದ ವಿಷಯ. ಡಿಸೆಂಬರ್‌ನಲ್ಲಿ ಮನೆಗೆ ಬಂದು ಆ ಪುಸ್ತಕವನ್ನು ಮೊದಲಿನಿಂದ ಓದಿದೆ. ಆ ಅತ್ತೆ ನನಗೆ ಎಷ್ಟು ಇಷ್ಟವಾಗಿದ್ದಳು ಗೊತ್ತೇ? ಬಾಯಿ ಜೋರು, ಮನಸ್ಸು ಮೆತ್ತಗೆ, ಅಡುಗೆಯಾಳುಗಳಿಗೆ ಕದ್ದು ಬೆಣ್ಣೆ ಕೊಡುವವಳು. ಈಗ ಅವಳು ಯಾರಿಗಾದರೂ ಗಂಜಿ ಬಡಿಸಿದರೆ ನಾನು ಬಟ್ಟಲನ್ನೇ ದಿಟ್ಟಿಸುತ್ತೇನೆ. ನಕ್ಕರೆ ಹಲ್ಲು ಕಾಣುತ್ತದೆ. ಇಡೀ ಪುಸ್ತಕ ಹಳಸಿದ ಅನ್ನವಾಯಿತು. ಥೆಲ್ಮಾ ವರ್ಷವಿಡೀ ಕೂತು ಹೆಣೆದದ್ದನ್ನು ನೀನು ಒಂದು ಉಸಿರಿನಲ್ಲಿ ಬಿಚ್ಚಿಹಾಕಿದೆ.

ನಮ್ಮಿಬ್ಬರ ಪದ್ಧತಿ ಏನಿತ್ತು? ಮೊದಲು ನಾನು ಓದುವುದು. ಆಮೇಲೆ ಅದೇ ಪ್ರತಿಯನ್ನು ಲೆಸ್ಟರ್ ಊರಿನಲ್ಲಿರುವ ನಿನಗೆ ಕಳಿಸುವುದು. ಎಲ್ಲರೂ ಒಂದು ಕೋಣೆಯಲ್ಲಿ ಸೇರುವ ಅಧ್ಯಾಯ ಬಂದ ಕೂಡಲೇ ನೀನು ಪುಸ್ತಕ ಮುಚ್ಚಿ ಫೋನ್ ಮಾಡಿ ನಿನ್ನ ಊಹೆ ಹೇಳುವುದು. ನಾನು "ಹೂಂ" ಅನ್ನುವುದು. ಸರಿಯಿದ್ದರೂ ಹೂಂ, ತಪ್ಪಿದ್ದರೂ ಹೂಂ. ಆ ಹೂಂನಿಂದ ಗುಟ್ಟು ತೆಗೆಯಲು ನೀನು ಪಟ್ಟ ಪಾಡೇನು! "ಅಮ್ಮಾ, ಈ ಸಲದ ಹೂಂ ಸ್ವಲ್ಪ ಉದ್ದ ಇತ್ತು, ಅಲ್ವಾ?" ಎಂದು ಗೋಗರೆಯುತ್ತಿದ್ದೆ. ನಿನ್ನ ಮದುವೆ ಮುರಿದ ವರ್ಷ ನಾವು ಮಾತಾಡಿದ್ದೆಲ್ಲ ಆ ಅಧ್ಯಾಯದ ನೆಪದಲ್ಲೇ. ನಾನು ಒಮ್ಮೆಯೂ ಬಾಯಿ ಬಿಟ್ಟವಳಲ್ಲ.

ನಿನ್ನ ಚಿಕ್ಕಮ್ಮ ಆಡ್ರಿ ಕೇಳುತ್ತಿದ್ದಳು, "ಅದೇ ಊರು, ಅದೇ ಹೆಣ, ಅದೇ ಮುದುಕಿ. ವರ್ಷಾ ವರ್ಷಾ ಅದ್ನೇ ಏನು ಓದ್ತೀಯೇ?" ಎಂದು. ಅದೇ ಆಗಿರುವುದಕ್ಕೇ ಓದುತ್ತೇನೆ. ಶತಮಾನಗಳ ಹಿಂದೆ ಪ್ಲೇಗು ಬಂದು ಹೋದ ಲಿಂಕನ್ ಪಟ್ಟಣ. ಬೀದಿ ಬೀದಿಯಲ್ಲಿ ಹೆಣ ಬಿದ್ದ ಕಾಲ. ಅದರಲ್ಲಿ ಇನ್ನೊಂದು ಹೆಣಕ್ಕೆ ಯಾರು ತಲೆ ಕೆಡಿಸಿಕೊಳ್ಳುತ್ತಾರೆ? ಹೆಣ ತೊಳೆದು ಬಟ್ಟೆ ಸುತ್ತುವ ಹಾವಿಸ್ ಕೆಡಿಸಿಕೊಳ್ಳುತ್ತಾಳೆ. ದೊಡ್ಡವರು "ಜ್ವರ ಬಂದು ಸತ್ತ" ಎಂದು ಕೈ ತೊಳೆದುಕೊಂಡರೆ ಅವಳು ಕುತ್ತಿಗೆಯ ಕಲೆ ನೋಡಿ "ಇಲ್ಲ ಸ್ವಾಮಿ" ಅನ್ನುತ್ತಾಳೆ. ಸತ್ತವನು ಭಿಕಾರಿಯಾದರೂ ಅವನಿಗೆ ಏನಾಯಿತೆಂದು ಒಬ್ಬಳಾದರೂ ಕೇಳುತ್ತಾಳೆ. ನಮ್ಮ ಕಾಲದಲ್ಲಿ ಅಷ್ಟು ಸಿಕ್ಕಿದೆಯೇ ಎಲ್ಲರಿಗೂ? ಜೊತೆಗೆ ಅವಳು ನನ್ನ ಹಾಗೆಯೇ ವರ್ಷಕ್ಕೊಂದು ವರ್ಷ ಮುದುಕಿಯಾಗುತ್ತಾಳೆ. ನನ್ನ ಮಂಡಿ ಹಿಡಿದುಕೊಂಡ ವರ್ಷವೇ ಅವಳ ಮಂಡಿಯೂ ಹಿಡಿದುಕೊಂಡಿತು. ಇಂಥವಳು ಪಕ್ಕದ ಮನೆಯಲ್ಲಿ ಇದ್ದಿದ್ದರೆ ನಾನು ದಿನಾ ಚಹಾಕ್ಕೆ ಕರೆಯುತ್ತಿದ್ದೆ.

ಮತ್ತೆ ಅವಳ ಒಂದು ಗುಣ ನಿನಗೂ ಗೊತ್ತು. ಸಾಯುವವರು ಕೇಳಿದರೆ ಅವಳು ನಿಜವನ್ನೇ ಹೇಳುತ್ತಾಳೆ. ಹತ್ತೊಂಬತ್ತು ಪುಸ್ತಕ ಓದಿ ನೀನು ಏನು ಕಲಿತೆ?

ನಿನ್ನ ಸಮಜಾಯಿಷಿಯನ್ನೂ ಕೇಳಿದ್ದೇನೆ. ಕ್ರಿಸ್‌ಮಸ್‌ನಲ್ಲಿ ಪಾತ್ರೆ ತೊಳೆಯುತ್ತಾ, ನನ್ನ ಕಡೆ ಬೆನ್ನು ಹಾಕಿ ಹೇಳಿದೆಯಲ್ಲ: "ಅಪ್ಪ ಹನ್ನೊಂದನೇ ಪುಸ್ತಕದ ಅರ್ಧದಲ್ಲೇ ಹೋದ್ರು. ಯಾರು ಕೊಂದಿದ್ದು, ಯಾರು ಕೊಂದಿದ್ದು ಅಂತ ಕೇಳ್ತಾನೇ ಇದ್ರು. ನಿನಗೆ ಹಾಗಾಗೋದು ಬೇಡ ಅನ್ನಿಸ್ತು." ಬ್ರಿಜಿಟ್, ನಿಮ್ಮಪ್ಪ ನನ್ನನ್ನು ಕೇಳುತ್ತಿರಲಿಲ್ಲ. ತಮ್ಮನ್ನೇ ಕೇಳಿಕೊಳ್ಳುತ್ತಿದ್ದರು. ಹೋಗುವ ಹಿಂದಿನ ದಿನ ಬೆಳಿಗ್ಗೆ ಕಣ್ಣು ಬಿಟ್ಟು "ಮ್ಯೂರಿಯಲ್, ಗಿರಣಿಯವನೇ ಕಣೆ! ನಾನು ಹಿಡಿದ್ಬಿಟ್ಟೆ" ಎಂದರು. ಶುದ್ಧ ತಪ್ಪು. ಗಿರಣಿಯವನು ಪಾಪದ ಪ್ರಾಣಿ. ಆದರೆ ಡೆನಿಸ್‌ರ ಮುಖ ನೋಡಬೇಕಿತ್ತು ನೀನು, ಮೀನು ಹಿಡಿದ ಹುಡುಗನ ಹಾಗಿತ್ತು. ಊಹಿಸುತ್ತಿರುವಷ್ಟು ಹೊತ್ತು ಅವರು ಬದುಕೇ ಇದ್ದರು. ನೀನು ನನ್ನಿಂದ ಕಿತ್ತುಕೊಂಡದ್ದು ಅದನ್ನು.

ಕಿತ್ತುಕೊಂಡದ್ದೂ ಹಾಳಾಗಲಿ, ನನ್ನ ಮೈ ಉರಿಯುವುದು ಬೇರೆ ಕಾರಣಕ್ಕೆ. ಅದೇ ದಿನ, ಅದೇ ಮಂಚದ ಪಕ್ಕದಲ್ಲಿ ನಿನ್ನ ಬಳಿ ಎರಡು ಕೊನೆಗಳಿದ್ದವು. ಒಂದು ಪುಸ್ತಕದ್ದು, ಇನ್ನೊಂದು ನನ್ನದು. ನಾನು ಕೇಳದಿದ್ದದ್ದನ್ನು ಹೇಳಿದೆ, ನನಗೆ ಸೇರಿದ್ದನ್ನು ಮುಚ್ಚಿಟ್ಟೆ. ಅದನ್ನು ಒಬ್ಬ ಅಪರಿಚಿತ ಹೆಂಗಸಿಗೆ ಬರೆದು ತಿಳಿಸಲು ನಿನಗೆ ಆಯಿತು. ಅಮ್ಮನಿಗೆ ಹೇಳಲು ನಾಲಿಗೆ ಬರಲಿಲ್ಲ.

ಈಸ್ಟರ್ ದಿನ ನಿನಗೊಂದು ಅವಕಾಶ ಕೊಟ್ಟೆ. ಅಷ್ಟು ಹೊತ್ತಿಗೆ ನನಗೆಲ್ಲ ಗೊತ್ತಿತ್ತು. ಕುರಿ ಮಾಂಸ ಬೇಯಿಸಿದೆ, ಪುದೀನ ಚಟ್ನಿ ಮಾಡಿದೆ, ನಿನ್ನೆದುರು ಕೂತು ಮಧ್ಯಾಹ್ನವೆಲ್ಲ ಕಾದೆ. ಬೇಕೆಂದೇ "ಬರೋ ಅಕ್ಟೋಬರ್‌ಗೆ ಇಪ್ಪತ್ತನೇದು ಬರುತ್ತಲ್ಲ" ಎಂದೆ. ನೀನು ತಟ್ಟೆ ನೋಡುತ್ತಾ "ಹೌದಮ್ಮ, ಬರುತ್ತೆ" ಎಂದೆ. ಆಮೇಲೆ ನಿನ್ನ ಅಡುಗೆಮನೆಗೆ ಹಾಕಿಸುವ ಹಸಿರು ಟೈಲ್ಸ್ ಬಗ್ಗೆ ಶುರು ಮಾಡಿದೆ. ಎಷ್ಟೊಂದು ಹಸಿರು, ದೇವರೇ! ನಾನು ಹಲ್ಲು ಕಚ್ಚಿಕೊಂಡು ಕೇಳಿದೆ. ನೀನು ಕಾರು ಹತ್ತಿದ ಮೇಲೆ ಉಳಿದ ಕೇಕನ್ನು ಹಕ್ಕಿಗಳಿಗೆ ಎಸೆದೆ. ತಟ್ಟೆಯನ್ನೂ ಎಸೆಯುತ್ತಿದ್ದೆ, ನಿಮ್ಮಪ್ಪ ಕೊಡಿಸಿದ್ದು ಎಂದು ಸುಮ್ಮನಾದೆ.

ನನಗೆ ಹೆದರಿಕೆ ಇಲ್ಲವೆಂದು ಬರೆದರೆ ಸುಳ್ಳಾಗುತ್ತದೆ. ಬೆಳಿಗ್ಗೆ ಎದ್ದ ಕೂಡಲೇ ಒಂದು ಗಳಿಗೆ ಇರುತ್ತದೆ. ಆಮೇಲೆ ಕೆಟಲ್ ಕೂಗುತ್ತದೆ, ಕೆಲಸಗಳಿರುತ್ತವೆ. ಹೆದರಿಕೆಗಿಂತ ಹೆಚ್ಚು ನೋಯುವುದು, ಈ ವಿಷಯ ಹಿಡಿದುಕೊಂಡು ನೀನು ಚಳಿಗಾಲವೆಲ್ಲ ಒಬ್ಬಳೇ ಓಡಾಡಿದೆಯಲ್ಲ ಎನ್ನುವುದು. ಅಮ್ಮನ ಹತ್ತಿರ ಅಳಬೇಕಾದದ್ದನ್ನು ಅಮ್ಮನಿಂದಲೇ ಬಚ್ಚಿಟ್ಟೆ. ಅದಕ್ಕೂ ಸಿಟ್ಟು ಬರುತ್ತದೆ.

ಈ ಶನಿವಾರ ಬಾ. ಹೂವು ತರಬೇಡ, ಟೈಲ್ಸಿನ ಮಾದರಿಯನ್ನಂತೂ ತರಲೇಬೇಡ. ನನ್ನೆದುರು ಕೂತು, ಡಾಕ್ಟರು ಹೇಳಿದ್ದನ್ನು ಮೊದಲ ಮಾತಿನಿಂದ ಹೇಳು. ಒಂದನ್ನೂ ಹಾರಿಸಬೇಡ, ಕೊನೆಗೆ ನೆಗೆಯಬೇಡ. ನಾನು ಏನೂ ಗೊತ್ತಿಲ್ಲದವಳ ಹಾಗೆ ಕೇಳುತ್ತೇನೆ. ಅದು ಮುಗಿದ ಮೇಲೆ ಅಳಬಹುದು. ನಾನೂ ಅತ್ತರೂ ಅತ್ತೇನು.

ಇನ್ನೂ ಸಿಟ್ಟಿನಲ್ಲೇ ಇರುವ, ಇನ್ನೂ ಇರುವ,
ನಿನ್ನ ಅಮ್ಮ
ಮ್ಯೂರಿಯಲ್

ಮರೆತ ಮಾತು: ಥೆಲ್ಮಾ ಕಳಿಸಿದ ಕಟ್ಟು ಬಂತು. ಇಪ್ಪತ್ತನೆಯದನ್ನು ಓದಿ ಮುಗಿಸಿದೆ. ಕೊಂದವರು ಯಾರೆಂದು ಈಗ ನನಗೆ ಗೊತ್ತು. ಹೇಳುವುದಿಲ್ಲ. ಪ್ರತಿಯನ್ನು ಈ ಬೆಳಿಗ್ಗೆಯೇ ಅವರಿಗೆ ವಾಪಸ್ ಅಂಚೆಗೆ ಹಾಕಿದ್ದೇನೆ, ಬಂದಾಗ ಬೀರುವಿನಲ್ಲಿ ತಡಕಾಡಬೇಡ. ಅಕ್ಟೋಬರ್‌ನಲ್ಲಿ ಅಂಗಡಿಯಿಂದ ತಂದು ಓದು. ಎಲ್ಲರೂ ಒಂದು ಕೋಣೆಯಲ್ಲಿ ಸೇರುವ ಅಧ್ಯಾಯಕ್ಕೆ ಬಂದಾಗ ಪುಸ್ತಕ ಮುಚ್ಚಿ, ಫೋನ್ ಎತ್ತಲು ಯಾರೂ ಇಲ್ಲದಿದ್ದರೂ, ನಿನ್ನ ಊಹೆಯನ್ನು ಗಟ್ಟಿಯಾಗಿ ಹೇಳು. ನೀನು ಯಾರ ಹೆಸರು ಹೇಳುತ್ತೀಯೆಂದು ನನಗೆ ಈಗಲೇ ಗೊತ್ತು. ಅದು ತಪ್ಪು.