ನಲ್ಲಿಗೆ ಕಟ್ಟಿದ ಬಟ್ಟೆ ಬಿಚ್ಚಬೇಡ

ಮಗಳೇ,

ನಿನ್ನನ್ನು ಎಬ್ಬಿಸಲು ಮನಸ್ಸಾಗಲಿಲ್ಲ. ನೀರು ಶುದ್ಧಿ ಮಾಡುವ ನಮ್ಮ ಘಟಕದಿಂದ ಫೋನ್ ಬಂತು, ಹೊರಟೆ. ನಮ್ಮ ಮೇಲೆ ಯುದ್ಧ ಹೂಡಿದ ಸರ್ಕಾರದವರೇ ರಾತ್ರಿ ಘಟಕದ ಕಂಪ್ಯೂಟರಿಗೆ ನುಗ್ಗಿ, ನೀರಿಗೆ ಬೆರೆಸುವ ಔಷಧಿಯ ಅಳತೆ ಏರಿಸಿದ್ದಾರಂತೆ. ಪರದೆ ಮಾತ್ರ ಎಲ್ಲ ಸರಿಯಿದೆ ಎನ್ನುತ್ತಿದೆ. ಇನ್ನು ಒಂದೊಂದು ವಾಲ್ವನ್ನೂ ಕೈಯಲ್ಲೇ ತಿರುಗಿಸಬೇಕು.

ನಲ್ಲಿ ನೀರು ಕುಡಿಯಬೇಡ, ಕುದಿಸಿದರೂ ಬೇಡ. ಮೊನ್ನೆ ತುಂಬಿಸಿದ ಎರಡು ಕೊಡ ಅಡುಗೆಮನೆಯಲ್ಲಿವೆ. ಅಡುಗೆ ಅದರಲ್ಲೇ ಮಾಡಿಟ್ಟಿದ್ದೇನೆ, ಅಜ್ಜಿಯ ಮಾತ್ರೆಗೂ ಅದನ್ನೇ ಕೊಡು. ಅವರು ಮರೆತು ನಲ್ಲಿಗೆ ಲೋಟ ಹಿಡಿಯುತ್ತಾರೆಂದೇ ಬಟ್ಟೆ ಕಟ್ಟಿದ್ದು. ಬಿಚ್ಚಬೇಡ. ಬೈದರೆ ಬೈಸಿಕೋ.

ಸಂಜೆ ನಿನ್ನ ನಾಟಕಕ್ಕೆ ಬರಲಾಗುವುದಿಲ್ಲ. ಮುದುಕಿ ವೇಷಕ್ಕೆ ತಲೆಗೆ ಪೌಡರ್ ನಾನೇ ಹಚ್ಚುತ್ತೇನೆ ಎಂದು ಮಾತು ಕೊಟ್ಟಿದ್ದೆ. ಡಬ್ಬಿ ಕನ್ನಡಿಯ ಹತ್ತಿರ ಇದೆ, ಅಜ್ಜಿ ಹಚ್ಚುತ್ತಾರೆ. ಬೇಜಾರು ಮಾಡಿಕೊಳ್ಳಬೇಡ ಎನ್ನಲು ನನಗೆ ಮುಖವಿಲ್ಲ.

ಇನ್ನೊಂದು ಮಾತು. ನೀರು ಕುಡಿಯಬಹುದು ಎಂದು ನನ್ನ ನಂಬರಿನಿಂದಲೇ ಮೆಸೇಜ್ ಬಂದರೂ ನಂಬಬೇಡ. ನಮ್ಮ ಎಂಜಿನಿಯರ್ ಹೆಸರಿನಲ್ಲಿ ಆಗಲೇ ಅಂಥದ್ದೊಂದು ಸುಳ್ಳು ಬಂದಿದೆ. ಅಮ್ಮನನ್ನು ನಂಬಬೇಡ ಎಂದು ಅಮ್ಮನೇ ಬರೆಯುವ ಹಾಗಾಯಿತಲ್ಲ.

ನಾನೇ ಕಳಿಸಿದ್ದಾದರೆ ನಿನ್ನ ಚಿಕ್ಕಂದಿನ ಹೆಸರು ಹಿಡಿದು ಕರೆದಿರುತ್ತೇನೆ. ಗೆಳತಿಯರ ಮುಂದೆ ಕರೆದೆನೆಂದು ಮುನಿಸಿಕೊಂಡು ನಿಲ್ಲಿಸಿಬಿಟ್ಟೆಯಲ್ಲ, ಅದೇ. ಇಲ್ಲಿ ಬರೆಯುವುದಿಲ್ಲ, ಚೀಟಿ ಯಾರ ಕಣ್ಣಿಗಾದರೂ ಬಿದ್ದೀತು.

ನೀರು ಸರಿಹೋಗುವ ತನಕ ಸಹಿಸಿಕೋ ಕಂದಾ. ಆಮೇಲೆ ಬಾಯಿತಪ್ಪಿಯೂ ಹಾಗೆ ಕರೆಯುವುದಿಲ್ಲ.

ಅಮ್ಮ