ಖಾಲಿ ಕರಡಿಗೆ

ಲಂಡನ್
ಜೂನ್ 25, 2024, ಮಂಗಳವಾರ

ನನ್ನವ್ವ ಭೀಮಕ್ಕನಿಗೆ,

ನಿನ್ನ ಮಗಳು ಅಕ್ಷಿತಾ ಇಷ್ಟು ದೂರದಿಂದಲೇ ನಿನ್ನ ಕಾಲು ಮುಟ್ಟುತ್ತಿದ್ದಾಳೆ. ಅಪ್ಪನಿಗೆ ಜೈಭೀಮ್ ಹೇಳು. ದಿನಾ ಫೋನಿನಲ್ಲಿ ಮಾತಾಡುವವಳು ಕಾಗದ ಯಾಕೆ ಬರೆದಳಪ್ಪಾ ಎಂದು ಗಾಬರಿಯಾಗಬೇಡ, ಮೈಗೇನೂ ಆಗಿಲ್ಲ. ವಾಟ್ಸಾಪಿಗೆ ಹಾಕಿದರೆ ತಮ್ಮ ದುರುಗೇಶ ಗಟ್ಟಿಯಾಗಿ ಓದಿ ಸಾಸ್ವೆಹಳ್ಳಿಗೆಲ್ಲ ಕೇಳಿಸುತ್ತಾನೆ. ನೀನು ಕೂಡಿಸಿಕೊಂಡು ಓದಲಿ ಎಂದು ದಪ್ಪ ಅಕ್ಷರದಲ್ಲಿ ಬರೆಯುತ್ತಿದ್ದೇನೆ. ಅಂಗನವಾಡಿಯಲ್ಲಿ ಮಕ್ಕಳು ಮಲಗಿದ ಮೇಲೆ ಒಬ್ಬಳೇ ಕೂತು ಓದು.

ಬಂದ ದಿನದಿಂದ ನೀನು ಕೇಳುವುದು ಒಂದೇ ಮಾತು: “ಆ ಮನೆಯೋರು ನಿನ್ನನ್ನ ಸೊಸೆ ಅಂತ ಒಪ್ಕಂಡ್ರೇನವ್ವಾ?” ನಾನು ಹ್ಞೂಂ ಎನ್ನುತ್ತೇನೆ. ಅತ್ತೆ ಪಕ್ಕದಲ್ಲೇ ಕೂತಿರುತ್ತಾರೆ, ಇನ್ನೇನು ಹೇಳಲಿ? ಹೊನ್ನಾಳಿಯಲ್ಲಿ ರಿಜಿಸ್ಟರ್ ಮದುವೆಯಾಗಿ ಎರಡು ವರ್ಷವಾಯಿತು. ಲಿಂಗವಂತರ ಹುಡುಗ ನಮ್ಮ ಕೇರಿಯ ಹುಡುಗಿಯನ್ನು ಕಟ್ಟಿಕೊಂಡನೆಂದು ಅವತ್ತು ಲಂಡನ್ನಿನ ಈ ಮನೆಯವರು ಯಾರೂ ಆ ಕಡೆ ತಲೆ ಹಾಕಲಿಲ್ಲ. ಈಗ ತಾವಾಗಿಯೇ ಬನ್ನಿ ಎಂದು ಕರೆದಾಗ ನೀನು ಸೆರಗಿನಲ್ಲಿ ಕಣ್ಣು ಒರೆಸಿಕೊಂಡಿದ್ದು ನನಗೆ ಗೊತ್ತು. ನನಗೂ ಅಷ್ಟೇ ಆಸೆಯಿತ್ತು ಅವ್ವಾ, ಸುಳ್ಳು ಯಾಕೆ ಹೇಳಲಿ.

ನಮ್ಮತ್ತೆ ನಿರ್ಮಲಮ್ಮ ಕೆಟ್ಟವರಲ್ಲ. ಬೆಳಗಾದರೆ ಚಪಾತಿ, ಚಟ್ನಿಪುಡಿ ಡಬ್ಬಿಗೆ ಕಟ್ಟಿ, ಟಿಕೆಟ್ಟು ಕೈಗಿಟ್ಟು, ಹೋಗಿ ಊರು ನೋಡಿಕೊಂಡು ಬನ್ನಿ ಎಂದು ನನ್ನನ್ನೂ ನಿನ್ನ ಅಳಿಯನನ್ನೂ ಹೊರಡಿಸುತ್ತಿದ್ದರು. ಎರಡು ಪಾಲಾಗಿ ಮೇಲೇಳುವ ಸೇತುವೆ ನೋಡಿದೆವು, ರಾಣಿಯ ಅರಮನೆ ನೋಡಿದೆವು, ದೊಡ್ಡ ಗಡಿಯಾರದ ಕೆಳಗೆ ನಿಂತು ಫೋಟೊ ತೆಗೆಸಿಕೊಂಡೆವು. ಇಲ್ಲಿನ ಹೊಳೆಯೋ, ಹೆಸರು ದೊಡ್ಡದು, ನೀರು ಮಳೆಗಾಲದ ತುಂಗಭದ್ರೆಯ ಹಾಗೆ ಬರೀ ಕೆಸರು! ಎಂಟು ದಿನ ಹೀಗೇ ತಿರುಗಿ ಕಾಲು ಬೊಬ್ಬೆ ಬಂತು. ಅತ್ತೆಗೆ ನನ್ನ ಮೇಲೆ ಎಷ್ಟು ಅಕ್ಕರೆ ಎಂದು ಬೀಗಿದ್ದೇ ಬೀಗಿದ್ದು.

ಒಂಬತ್ತನೇ ದಿನ ಮಳೆ ಹಿಡಿದು ಬೇಗ ವಾಪಸು ಬಂದೆವು. ಬಾಗಿಲಲ್ಲಿ ಐದಾರು ಜೊತೆ ಚಪ್ಪಲಿ ಇದ್ದವು, ಒಳಗೆ ನಮ್ಮೂರ ಕಡೆಯ ಹೆಂಗಸರ ಮಾತು ಕೇಳುತ್ತಿತ್ತು. ಇವರು ನನ್ನ ಕೈ ಹಿಡಿದು, ಟೀ ಕುಡಿದು ಬರೋಣ ಎಂದು ಮತ್ತೆ ಬೀದಿಗೇ ಕರೆದುಕೊಂಡು ಹೋದರು. ಆಗ ನನಗೆ ಅರ್ಥವಾಯಿತು. ಮನೆಗೆ ಜನ ಬರುವ ಹೊತ್ತಿಗೆ ನಾನು ಮನೆಯಲ್ಲಿ ಇರಬಾರದಾಗಿತ್ತು. ಊರು ತೋರಿಸಿದ್ದೆಲ್ಲ ಅದಕ್ಕೇ. ನಿಮಗೆ ಮೊದಲೇ ಗೊತ್ತಿತ್ತಾ ಎಂದು ಕೇಳಿದರೆ ನಿನ್ನ ಅಳಿಯ ಗುರುಬಸವರಾಜರು ಇನ್ನೊಂದು ಟೀ ಹೇಳಲಾ ಎಂದರು.

ಮೊನ್ನೆ ಭಾನುವಾರ ನಾದಿನಿ ಸಂಧ್ಯಾರಾಣಿಯ ಮಗುವಿನ ಹುಟ್ಟುಹಬ್ಬ. ಅವತ್ತು ಸೊಸೆಯನ್ನು ಎಲ್ಲಿಗೆ ಕಳಿಸಿಯಾರು? ಅತ್ತೆ ನನ್ನನ್ನು ರೂಮಿಗೆ ಕರೆದು, ಲಿಂಗ ಇಟ್ಟುಕೊಳ್ಳುವ ಬೆಳ್ಳಿಯ ಕರಡಿಗೆಯೊಂದನ್ನು ದಾರ ಸಮೇತ ಕೊಟ್ಟರು. ಮುಚ್ಚಳ ತೆಗೆದು ನೋಡಿದೆ, ಒಳಗೆ ಏನೂ ಇರಲಿಲ್ಲ. “ಇಲ್ಲಿ ನಮ್ಮೋರು ಹದಿನೈದು ಮನೆ ಅದಾರೆ ಕಣವ್ವಾ, ಏನೇನೋ ಆಡ್ಕಂತಾರೆ. ಸುಮ್ನೆ ಕೊಳ್ಳಾಗೆ ಹಾಕ್ಕಂಡಿರು, ಬಿಚ್ಚಿ ನೋಡಾಕೆ ಯಾರೂ ಬರಲ್ಲ” ಎಂದರು. ಅವರ ಕಣ್ಣಲ್ಲೂ ನೀರಿತ್ತು. ಇವರು ಬಾಗಿಲಲ್ಲಿ ನಿಂತು, “ಒಂದೆರಡು ತಾಸು ಅಡ್ಜಸ್ಟ್ ಮಾಡ್ಕ ಅಕ್ಷಿ” ಎಂದರು. ಕೂಡಿಟ್ಟ ಧೈರ್ಯವೆಲ್ಲ ಆ ಹೊತ್ತಿಗೆ ಎಲ್ಲಿ ಹಾಳಾಗಿ ಹೋಗಿತ್ತೋ! ಹಾಕಿಕೊಂಡೆ.

ಹಾಲ್‌ನಲ್ಲಿ ಬಸವಣ್ಣನ ದೊಡ್ಡ ಪಟ, ಅದರ ಕೆಳಗೆ ಕುರ್ಚಿಗಳು. ಬಂದವರಿಗೆಲ್ಲ ಅತ್ತೆ, “ಸೊಸಿ, ಹೊನ್ನಾಳಿ ಕಡೇರು, ತೋಟ ಗದ್ದೆ ಐತೆ” ಎಂದು ಪರಿಚಯ ಮಾಡಿಕೊಟ್ಟರು. ಮಾವ ಪಂಚಾಕ್ಷರಪ್ಪನವರು ತಲೆ ಎತ್ತಲಿಲ್ಲ. ನಾನು ಎಲ್ಲರಿಗೂ ಹೋಳಿಗೆ ಬಡಿಸಿದೆ. ಒಬ್ಬರು ನನ್ನ ಗಲ್ಲ ಸವರಿ, ಒಳ್ಳೆ ಸಂಸ್ಕಾರಸ್ತರ ಮನೆಯ ಹುಡುಗಿ ಎಂದು ಹೊಗಳಿದರು. ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ಬಾಬಾಸಾಹೇಬರು ಇಲ್ಲಿ ಓದುವಾಗ ಇದ್ದ ಮನೆ ನೋಡಿ ಬಾ ಎಂದು ಅಪ್ಪ ಹೇಳಿದ್ದರಲ್ಲ, ನಿನ್ನೆ ಒಬ್ಬಳೇ ಹೋಗಿದ್ದೆ. ಬಾಗಿಲು ತೆಗೆದಿತ್ತು. ಎಲ್ಲಿಂದಲೋ ಬಂದಿದ್ದ ಮರಾಠಿಯವರು ಮಕ್ಕಳಿಗೆ ತೋರಿಸುತ್ತಾ ಒಳಗೆ ಹೋಗುತ್ತಿದ್ದರು. ನನಗೆ ಹೋಗಲು ಮುಖವಿರಲಿಲ್ಲ. ಎದುರಿನ ರಸ್ತೆಯಲ್ಲಿ ಅರ್ಧ ಗಂಟೆ ನಿಂತು, ಹೊರಗಿನಿಂದ ಒಂದು ಫೋಟೊ ತೆಗೆದು ಅಪ್ಪನಿಗೆ ಕಳಿಸಿದೆ. ಅಪ್ಪ ಅದನ್ನು ಊರಿಗೆಲ್ಲ ತೋರಿಸುತ್ತಿದ್ದಾರೆಂದು ದುರುಗೇಶ ಹೇಳಿದ. ಅದನ್ನು ಕೇಳಿ ಬಾತ್‌ರೂಮಿನ ನಲ್ಲಿ ಬಿಟ್ಟುಕೊಂಡು ಅತ್ತುಬಿಟ್ಟೆ.

ಕರಡಿಗೆಯನ್ನು ವಾಪಸು ಕೊಡಲು ಹೋದರೆ ಅತ್ತೆ ತೆಗೆದುಕೊಳ್ಳಲಿಲ್ಲ, ಮುಂದಿನ ಸಲ ಬಂದಾಗಲೂ ಬೇಕಾಗುತ್ತದಂತೆ. ಇವರು ಅದನ್ನು ಬಟ್ಟೆಯಲ್ಲಿ ಸುತ್ತಿ ಸೂಟ್‌ಕೇಸಿನೊಳಗೆ ಇಟ್ಟಿದ್ದಾರೆ. ಈಗ ನೀನೇ ಹೇಳು, ಈ ಮನೆಯವರು ನನ್ನನ್ನು ಒಪ್ಪಿಕೊಂಡರೋ ಇಲ್ಲವೋ? ನಾವು ಹೊರಡುವುದು ಮುಂದಿನ ತಿಂಗಳು ಹದಿನೈದಕ್ಕೆ. ಅಷ್ಟರೊಳಗೆ ಈ ಕಾಗದ ನಿನ್ನ ಕೈ ಸೇರಲಿ. ಮುಖ ನೋಡಿಕೊಂಡು ಇದನ್ನೆಲ್ಲ ಹೇಳುವ ಶಕ್ತಿ ನನಗಿಲ್ಲ.

ನಿನ್ನ ಮಗಳು,
ಅಕ್ಷಿತಾ

ಇದನ್ನು ಬರೆಯದೆ ಲಕೋಟೆ ಅಂಟಿಸಲು ಹೊರಟಿದ್ದೆ, ಕೈ ಬರಲಿಲ್ಲ. ಭಾನುವಾರ ಬಂದವರಲ್ಲಿ ಜಗಳೂರಿನ ಗಿರಿಜಮ್ಮ ಟೀಚರ್ ಎಂಬುವರಿದ್ದರು. ಹಿಂದೆ ಸಾಸ್ವೆಹಳ್ಳಿ ಸ್ಕೂಲಿನಲ್ಲಿದ್ದರಂತೆ. ನನ್ನ ಪಕ್ಕ ಬಂದು ಕೂತು ಕೇಳಿದರು: “ಹೊನ್ನಾಳಿ ಕಡೇರು ಅಂದ್ರಲ್ಲ ತಂಗಿ, ಸಾಸ್ವೆಹಳ್ಳಿ ಅಂಗನವಾಡಿ ಭೀಮಕ್ಕ ಗೊತ್ತೇನು? ನಾನು ಪಾಠಕ್ಕೆ ಹೋದ್ರೆ ನನ್ನ ಮಗಳು ಆಕಿ ತೊಡಿ ಮ್ಯಾಲೇ ಬೆಳೀತು. ಆಕಿ ಕೈಯಾಗಿನ ಉಪ್ಪಿಟ್ಟು ನಾನೂ ಎಷ್ಟೋ ಸಲ ಉಂಡೀನಿ. ಹೆಂಗದಾಳೆ ಈಗ?” ಅತ್ತೆ ಆಗ ಅಡುಗೆಮನೆಯಲ್ಲಿದ್ದರು, ಇವರು ಹೊರಗೆ ಹೋಗಿದ್ದರು. ನನ್ನ ಬಾಯಿಗೆ ಯಾರೂ ಕೈ ಅಡ್ಡ ಹಿಡಿದಿರಲಿಲ್ಲ ಅವ್ವಾ. ನನಗೆ ಗೊತ್ತಿಲ್ಲ ರೀ ಎಂದೆ. ಊರಿಗೆ ಹೋದಾಗ ವಿಚಾರಿಸಿ ನಮಸ್ಕಾರ ಹೇಳು ಎಂದರು. ಈ ಕಾಗದದಲ್ಲೇ ಹೇಳಿದ್ದೇನೆ.